ಎರಡೂವರೆ ಗಂಟೆಯ ಮೇಲೆ ಮಾವನ ಗುಮಾನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಸೋದರಮಾವನ ತಲೆಗೆ ಈ ಹುಳ ಬಿಟ್ಟವನು ನಾನೇ. ಯಾರ ದನಿ ಕೇಳಿದರೂ ಅಣಕಿಸುವ ಚಟ ನನಗೆ. ಅವತ್ತು ಬೆಳಿಗ್ಗೆ ಮಾವ ನಮ್ಮ ಮನೆಗೆ ಬಂದಿದ್ದಾಗ ಉಪ್ಪಿಟ್ಟಿನ ತಟ್ಟೆ ಮುಂದೆ ಪೈಲಟ್ಟಾದೆ. "ಮಾನ್ಯ ಪ್ರಯಾಣಿಕರೇ, ಕೋಲ್ಕತ್ತಕ್ಕೆ ಎರಡೂವರೆ ಗಂಟೆ. ವಾಪಸ್ಸು ಬರಲು ಎರಡೂಮುಕ್ಕಾಲು."

ಮಾವನ ಚಮಚ ಗಾಳಿಯಲ್ಲೇ ನಿಂತಿತು. "ಹೋಗೋವಾಗ ಒಂದು, ಬರೋವಾಗ ಒಂದಾ?"

ಮುಗಿಯಿತು! ಜಗತ್ತಿನಲ್ಲಿ ನಮ್ಮ ಮಾವ ನಂಬುವುದು ಒಂದನ್ನೇ, ತಮ್ಮ ಸಂಶಯವನ್ನು. ಗಾಂಧಿ ಬಜಾರಿನಲ್ಲಿ ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಬಿಟ್ಟರೆ ಅಂಗಡಿಯವನನ್ನೂ ಅಲ್ಲಾಡಿಸಿ ನೋಡುವವರೇ! ಅಂಥವರು ಈಗ ವಿಮಾನ ಹತ್ತಬೇಕು. ಕೋಲ್ಕತ್ತದ ನಮ್ಮ ದೊಡ್ಡಮ್ಮನ ಮಗಳಿಗೆ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ. ಇರುವವರು ಇವರೊಬ್ಬರೇ.

ಮಧ್ಯಾಹ್ನ ಹನುಮಂತನಗರದ ಅವರ ಮನೆಗೆ ಹೋದರೆ, ನೆಲದ ಮೇಲೆ ಭಾರತದ ಭೂಪಟ. ಅದರ ಮೇಲೆ ಮಾವ. ಕೈಯಲ್ಲಿ ಅತ್ತೆ ಹೂ ಕಟ್ಟುವ ದಾರ. ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಅಳೆದರು. ಸರಿ. ಆಮೇಲೆ, ನೀವು ನಂಬಲಿಕ್ಕಿಲ್ಲ, ಕೋಲ್ಕತ್ತದಿಂದ ಬೆಂಗಳೂರಿಗೂ ಅಳೆದರು!

"ಎರಡೂ ಸಮ! ನೋಡಿದ್ಯಾ? ಬರೋವಾಗ ಆಟೋದೋರ ಥರ ಎಲ್ಲೋ ಸುತ್ತು ಹಾಕಿಸ್ತಾರೆ."

"ಗಾಳಿ, ಮಾವ. ಹೋಗೋವಾಗ ಹಿಂದಿಂದ ತಳ್ಳುತ್ತೆ."

"ಯಾಕೆ, ಗಾಳಿಗೂ ಕೋಲ್ಕತ್ತದಲ್ಲಿ ಮದುವೇನಾ?"

ಮಲ್ಲಿಗೆ ಮೊಗ್ಗು ಹಿಡಿದು ಕಾಯುತ್ತಿದ್ದ ಅತ್ತೆ ಬಾಯಿ ಹಾಕಿದರು. "ಮಲ್ಲೇಶ್ವರಕ್ಕೆ ಹೋಗೋದೇ ಒಂದು ದಾರಿ, ಬರೋದೇ ಒಂದು ದಾರಿ. ಆ ಒನ್‌ವೇ ನಂಬ್ತೀರಲ್ಲ?"

"ಅದನ್ನೂ ಎಲ್ಲಿ ನಂಬಿದೀನಿ?"

ಗುಮಾನಿ ಬೆಳೆಯಿತು. ರೈಲಿಗೆ ಒಂದೂವರೆ ದಿನ ಬೇಕಾದ ದಾರಿ ಎರಡೂವರೆ ಗಂಟೆಯಲ್ಲಿ ಹೇಗೆ ಮುಗಿಯುತ್ತದೆ? ನಡುವೆ ಎಲ್ಲಾದರೂ ಇಳಿಸಿ, ಇದೇ ಕೋಲ್ಕತ್ತ ಅಂದರೆ? "ಬಂಗಾಳಿ ಬೋರ್ಡು ನಮಗೆ ಓದಕ್ಕೆ ಬರಲ್ಲ, ಅವರಿಗೆ ಅದು ಗೊತ್ತು!" ಎಂದರು. ಕೊನೆಗೆ ಟಿಕೆಟ್ಟೇ ವಾಪಸ್ ಮಾಡು ಎಂದಾಗ ಅತ್ತೆಯ ಕಣ್ಣಲ್ಲಿ ನೀರು. ನಾನು, ಬೆಂಕಿ ಹಚ್ಚಿದ ಮಹಾನುಭಾವ, ಕೈಕಾಲು ಹಿಡಿದು ಮಾವನನ್ನು ಹೊರಡಿಸಿದೆ.

ವಿಮಾನ ಏರಿತು. ಮಾವ ಕಿಟಕಿಗೆ ಮೂಗು ಒತ್ತಿ, ಸುತ್ತು ಹಾಕುತ್ತದೋ ಏನೋ ಎಂದು ಕಾವಲು ಕಾಯುತ್ತಿದ್ದರು. ಆಮೇಲೆ ಅತ್ತ ತಿರುಗಿಕೊಂಡೇ ಹೇಳಿದರು: "ಅಕ್ಕ ಕರೆದಾಗಲೆಲ್ಲ, ತುಂಬಾ ದೂರ, ರಜ ಸಿಗಲ್ಲ ಅಂತಿದ್ದೆ ಕಣೋ. ಭಾವ ತೀರಿಹೋದಾಗಲೂ ಅದನ್ನೇ ಹೇಳಿದೆ. ಇದು ನಿಜವಾಗ್ಲೂ ಎರಡೂವರೆ ಗಂಟೆ ಆಗಿಬಿಟ್ರೆ, ಅವಳ ಮುಖ ಹೇಗೆ ನೋಡ್ಲಿ?"

ಊರಿನವರ ದನಿಯನ್ನೆಲ್ಲ ಅಣಕಿಸಿದ್ದೇನೆ. ಆ ದನಿಯನ್ನು ಮಾತ್ರ ಈವರೆಗೂ ಮುಟ್ಟಿಲ್ಲ.

ನಿಲ್ದಾಣದ ಬಾಗಿಲಲ್ಲೇ ದೊಡ್ಡಮ್ಮ ನಿಂತಿದ್ದರು. ಮಾವ ಅವರ ಮುಖ ನೋಡಲಾರದೆ ಗಡಿಯಾರ ನೋಡಿದರು. "ಹೇಳಿದ್ದಕ್ಕಿಂತ ಹತ್ತು ನಿಮಿಷ ಮುಂಚೇನೇ ಇಳಿಸಿಬಿಟ್ರಕ್ಕಾ. ಇದ್ರಲ್ಲೇನೋ ಮೋಸ ಇದೆ."

ದೊಡ್ಡಮ್ಮ ಅವರ ಕೈಯಿಂದ ಚೀಲ ಕಿತ್ತುಕೊಂಡರು.

"ಸುತ್ತು ಹಾಕಿದೋನು ನೀನು ಕಣೋ, ಇಪ್ಪತ್ತು ವರ್ಷ! ನಡಿ, ಅನ್ನ ಆರ್ತಿದೆ."