ಹುಳ ಹತ್ತಿದ ಬಾಗಿಲು

ಕೊಳ್ಳುವವನು ವಸ್ತುವನ್ನು ಹೊಗಳಬಾರದು. ಈ ಮಾತನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ನಷ್ಟವೇ ಕಲಿಸಿತು. ಸೀರೆ ಅಂಗಡಿಯಲ್ಲಿ ನನ್ನ ಹೆಂಡತಿ "ಅಯ್ಯ, ಎಷ್ಟ್ ಛಂದ ಐತಿ!" ಎಂದು ಬಾಯಿ ತೆರೆದ ಕ್ಷಣವೇ ಅಂಗಡಿಯವನು ರಿಯಾಯಿತಿಯ ಮಾತನ್ನು ನುಂಗಿಬಿಡುತ್ತಾನೆ. ನೀವು ಬದನೆಕಾಯಿ ಕೊಳ್ಳಿ, ಟ್ರ್ಯಾಕ್ಟರ್ ಕೊಳ್ಳಿ, ಮೊದಲು ಮುಖ ಕಿವುಚಿ. ಆಮೇಲೆ ಒಂದು ಕೊರತೆ ಹೇಳಿ ಹೊರಟು ನಿಲ್ಲಿ. ಕರೆದರೆ ನಿಮ್ಮ ಪುಣ್ಯ. ಕರೆಯದಿದ್ದರೆ ಚಪ್ಪಲಿ ಹುಡುಕುವ ನೆವದಲ್ಲಿ ಇನ್ನಷ್ಟು ಹೊತ್ತು ಕಳೆಯಿರಿ. ನಾನು ಹೀಗೆ ನನ್ನದೇ ಚಪ್ಪಲಿಯನ್ನು ಕಾಲು ಗಂಟೆ ಹುಡುಕಿದ್ದುಂಟು.

ನನ್ನ ವ್ಯಾಪಾರವೇ ಅಂಥದ್ದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಹಳೆಯ ಮನೆ ಕೆಡವುತ್ತಾರೆಂದು ಸುಳಿವು ಸಿಕ್ಕರೆ ಸಾಕು, ಹೋಗಿ ಬಾಗಿಲು, ಕಂಬ, ತೊಲೆ ಕೊಂಡು ತರುತ್ತೇನೆ. ಹುಡುಗನಾಗಿದ್ದಾಗ ಹಳೆ ಕಟ್ಟಿಗೆಯಿಂದ ಮೊಳೆ ಕೀಳುವ ಕೂಲಿಗೆ ಸೇರಿದವನು ಈಗ ಆ ಅಂಗಡಿಯನ್ನೇ ಕೊಂಡಿದ್ದೇನೆ. ಬಂಡವಾಳ ಏನೆಂದು ಕೇಳಿದರೆ ಮೂರೇ ಮೂರು ಮಾತು: "ಹುಳ ಹತ್ತೈತಿ. ಇದು ಸಾಗವಾನಿ ಅಲ್ಲ, ಕಾಡುಕಟ್ಟಿಗಿ. ಹೊತ್ತೊಯ್ಯೂ ಖರ್ಚು ನನ್ನ ಮೈಮ್ಯಾಲೆ." ಈ ಮೂರು ಮಾತಿಗೆ ಕರಗದ ಮನೆಯನ್ನು ನಾನು ಕಂಡಿಲ್ಲ.

ಇಂಥವನ ಅಂಗಡಿಗೆ ಒಂದು ದಿನ ಶಾರದಾ ಟೀಚರ್ ಬಂದರು. ನಿವೃತ್ತರಾದ ಮೇಲೆ ಅವರು ಊರವರೆಲ್ಲ ಚಂದಾ ಹಾಕಿ ನಡೆಸುವ ನಮ್ಮ ಆಸ್ಪತ್ರೆಯ ಸೇವಾ ಮಂಡಳಿ ನೋಡಿಕೊಳ್ಳುತ್ತಾರೆ. ಅಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಯಂತ್ರ ಒಂದೇ ಇದೆ. ಒಟ್ಟಿಗೆ ಎರಡು ಕೂಸು ಬಂದರೆ ಒಂದನ್ನು ಆಂಬುಲೆನ್ಸಿನಲ್ಲಿ ರಾಯಚೂರಿಗೆ ಓಡಿಸಬೇಕು. ಇನ್ನೊಂದು ಯಂತ್ರಕ್ಕಾಗಿ ಟೀಚರ್ ಒಂದು ಉಪಾಯ ಹೂಡಿದ್ದರು. ಟಿಕೆಟ್ ಇಟ್ಟು ಜನರನ್ನು ಬಸ್ಸಿನಲ್ಲಿ ಕರೆದೊಯ್ದು ಹಳೆಯ ಮನೆಗಳನ್ನು ತೋರಿಸುವುದು.

"ಮೂರೂ ತಾಲೂಕಿನ ಹಳೇ ಮನಿ ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ, ಹನುಮಂತಪ್ಪಾರ. ನೀವ ತೋರಸ್ರಿ" ಅಂದರು.

ಗೊತ್ತಿರುವುದೇನೋ ನಿಜ. ಬೆಕ್ಕಿಗೂ ಹಾಲಿನ ಗಡಿಗೆಗಳೆಲ್ಲ ಗೊತ್ತಿರುತ್ತವೆ. ಸೇವೆಯೂ ಆಯಿತು, ಇನ್ನೂ ಒಳಗೆ ಕಾಲಿಡದ ಹಳೆಯ ಮನೆಗಳನ್ನು ಹೊಕ್ಕು ನೋಡಿದಂತೆಯೂ ಆಯಿತು ಎಂದು ಒಪ್ಪಿದೆ.

ನಾವು ಆರಿಸಿದ್ದು ಎರಡು ಮನೆ. ಒಂದು ಲಿಂಗಸುಗೂರಿನ ಕಂಬದ ಮನೆ. ಇನ್ನೊಂದು ಮಸ್ಕಿಯ ಬಸಮ್ಮಕ್ಕನ ಮಾಳಿಗೆ ಮನೆ. ಈ ಎರಡನೆಯ ಮನೆಯ ತಲೆಬಾಗಿಲಿನ ಹಿಂದೆ ನಾನು ಆರು ವರ್ಷದಿಂದ ಬಿದ್ದಿದ್ದೆ. ಹೋದಾಗಲೆಲ್ಲ ಹುಳ ಹತ್ತಿದೆ ಎಂದು ಹೇಳಿ ಹೇಳಿ ಕೊನೆಗೆ ಆಕೆಗೂ ಅದು ಕಾಣತೊಡಗಿತ್ತು. ಭಾರದ ಬಾಗಿಲು ತಳ್ಳಿ ತಳ್ಳಿ ಸೊಸೆಯ ರಟ್ಟೆ ನೋಯುತ್ತದೆಂಬ ದೂರು ಬೇರೆ. ಪ್ರವಾಸದ ಮರುದಿನವೇ ಬಾಗಿಲು ನನಗೆ, ಅದರ ಜಾಗಕ್ಕೆ ನಾನೇ ಹಗುರಾದ ರೆಡಿಮೇಡ್ ಬಾಗಿಲು ಕೊಡಿಸುವುದು ಎಂದು ಮಾತಾಗಿತ್ತು. ಮೇಲೆ ಆಕೆಯ ಕೈಗೆ ಎಷ್ಟು ಎಂಬುದನ್ನು ಬರೆಯಲು ನನಗೇ ಸಂಕೋಚ.

ಪ್ರವಾಸದ ದಿನ ಬಸ್ಸು ಮೊದಲು ಲಿಂಗಸುಗೂರಿಗೆ ಹೋಯಿತು. ನಮ್ಮ ಕಡೆಯವರ ಸ್ವಭಾವ ನನಗೆ ಮೊದಲೇ ಹೊಳೆಯಬೇಕಿತ್ತು. ಮನೆಗೆ ನಾಲ್ಕು ಮಂದಿ ಬರುತ್ತಾರೆಂದರೆ ನಾವು ಇದ್ದದ್ದನ್ನು ಇದ್ದಂತೆ ತೋರಿಸುವ ಜನವೇ? ಹಿತ್ತಲಿನ ಎಮ್ಮೆಗೂ ಮೈ ತೊಳೆಸುವವರು. ಆ ಮನೆಯ ಯಜಮಾನ ಬಸ್ಸು ತುಂಬ ಬೀಗರೇ ಬರುತ್ತಾರೆಂಬಂತೆ ತಯಾರಿ ನಡೆಸಿದ್ದ. ಕೆತ್ತನೆಯ ಕಂಬಗಳಿಗೆಲ್ಲ ಗಿಳಿಹಸಿರು ಆಯಿಲ್ ಪೇಂಟು. ಜಂತಿಯ ಚಾವಣಿ ಕಾಣದಂತೆ ಕೆಳಗೆ ಪ್ಲಾಸ್ಟಿಕ್ ಹಲಗೆ. ಕಲ್ಲಿನ ನೆಲದ ಮೇಲೆ ಪಳಪಳ ಟೈಲ್ಸು.

"ಹಳೇದು ಅಂತ ಯಾರೂ ಆಡಿಕೋಬಾರದು ನೋಡ್ರಿ, ಎಲ್ಲಾ ಹೊಸಾದು ಮಾಡಿಸೀನಿ!" ಎಂದು ಬೆವರು ಒರೆಸಿಕೊಳ್ಳುತ್ತ ನಿಂತ. ಆತನ ಮುಖದ ಸಂಭ್ರಮ ನೋಡಿ ಯಾರೂ ಬಾಯಿ ಬಿಡಲಿಲ್ಲ. ಉಪ್ಪಿಟ್ಟು ಚೆನ್ನಾಗಿತ್ತು.

ಬಸ್ಸು ಹತ್ತಿದ ಮೇಲೆ ಎಲ್ಲರ ಬಾಯಿ ಬಿಚ್ಚಿತು. ಅವರಲ್ಲಿ ಮುಖ್ಯರು ಸತ್ಯಂ ಎಂಬ ರೈಸ್ ಮಿಲ್ಲಿನ ಧಣಿ. ಸಿಂಧನೂರಿನ ಹತ್ತಿರ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನವರು, ಮನೆಮಾತು ತೆಲುಗು. ನೋಡುವಂಥದ್ದು ಒಂದಾದರೂ ತೋರಿಸಿದರೆ ಆ ಯಂತ್ರವನ್ನು ತಾನೇ ಕೊಡಿಸುವುದಾಗಿ ಟೀಚರಿಗೆ ಮಾತು ಕೊಟ್ಟೇ ಬಂದಿದ್ದರು.

"ಏಮಯ್ಯಾ ಹನುಮಂತಪ್ಪ, ಹಸಿರು ಪೇಂಟು ನೋಡಕ್ಕೆ ಇಷ್ಟು ದೂರ ಬರಬೇಕಾ? ನಮ್ಮ ಮಿಲ್ಲಿನ ಗೇಟಿಗೂ ಅದೇ ಪೇಂಟು ಇದೆಯಲ್ಲಯ್ಯಾ!"

ಬಸ್ಸೆಲ್ಲ ನಕ್ಕಿತು. ಟೀಚರ್ ಮಾತ್ರ ನಗಲಿಲ್ಲ. "ಮಸ್ಕಿದರ ಛಲೋ ಐತೇನ್ರಿ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಮಸ್ಕಿಯ ಮನೆ ಇದ್ದಂತೆಯೇ ಇತ್ತು. ಅದಕ್ಕೆ ನಾನೇ ಕಾರಣ. ಬಣ್ಣ ಹಚ್ಚಿದರೆ ಮಾಲಿನ ದರ ಇಳಿಯುತ್ತದೆಂದು, "ಕೊಡೂ ಬಾಗಿಲಿಗೆ ಬಣ್ಣ ಯಾಕ ದಂಡ?" ಎಂದು ಬಸಮ್ಮಕ್ಕನನ್ನು ತಡೆದಿದ್ದೆ. ಜನರೆಲ್ಲ ಇಳಿದು ಆ ಕಪ್ಪು ಬಾಗಿಲಿನ ಮುಂದೆ ನಿಂತರು. ನಾನು ಜನರನ್ನು ಬೇಗನೆ ಒಳಗೆ ದಾಟಿಸಿ, ನೆಲದೊಳಗಿನ ಜೋಳದ ಹಗೇವು ತೋರಿಸಿ ಮುಗಿಸುವ ಲೆಕ್ಕದಲ್ಲಿದ್ದೆ. ಸತ್ಯಂ ಹೊಸ್ತಿಲಿಗೇ ನಿಂತುಬಿಟ್ಟರು.

"ಈ ಬಾಗಿಲು ಏನು ವಿಶೇಷ?"

ನಾನು ಬಾಯಿ ತೆರೆಯುವ ಮೊದಲೇ ಬಸಮ್ಮಕ್ಕ ಸೆರಗು ಸರಿಮಾಡಿಕೊಂಡು ಹೇಳಿದಳು: "ವಿಶೇಷ ಏನಿಲ್ಲರೀ. ಹುಳ ಹತ್ತಿದ ಕಾಡುಕಟ್ಟಿಗಿ. ಬೇಕಾರ ಈ ತಮ್ಮನ್ನ ಕೇಳ್ರಿ, ಆರು ವರ್ಷದಿಂದ ಅದನ್ನ ಹೇಳಾಕತ್ತಾನ."

ಬಸ್ಸಿನ ಮಂದಿಯೆಲ್ಲ ನನ್ನತ್ತ ತಿರುಗಿದರು. ಹೌದೆಂದರೆ ಬಾಗಿಲು ನನ್ನದು, ಯಂತ್ರ ಹೋಯಿತು. ಅಲ್ಲವೆಂದರೆ ಯಂತ್ರ ಬಂದೀತು, ಬಾಗಿಲು ಹೋಯಿತು. ನಾನು ಸುಮ್ಮನೆ ಕೆಮ್ಮಿದೆ. ಮನುಷ್ಯ ಕೆಮ್ಮಿ ಎಷ್ಟು ಹೊತ್ತು ಕಳೆದಾನು?

ಅಷ್ಟರಲ್ಲಿ ಸತ್ಯಂ ಬಾಗಿಲಿಗೆ ಉಂಗುರದ ಬೆರಳಿನಿಂದ ಟಕ್ ಎಂದು ಬಡಿದು, "ಒಲೆಗೆ ಹಾಕೋ ಮಾಲು" ಅಂದರು.

ಓದುಗರೇ, ಆಮೇಲೆ ನಡೆದದ್ದನ್ನು ತ್ಯಾಗವೆಂದು ತಿಳಿಯಬೇಡಿ. ಕೂಸುಗಳು ನೆನಪಿಗೆ ಬಂದವು ಎಂದರೆ ಸುಳ್ಳಾಗುತ್ತದೆ. ಆರು ವರ್ಷ ನಾನೊಬ್ಬನೇ ಬೈದ ಬಾಗಿಲನ್ನು ಇನ್ನೊಬ್ಬ ಬಂದು ಬೈದದ್ದು ತಡೆಯಲಾಗಲಿಲ್ಲ, ಅಷ್ಟೇ.

"ಏನಂದ್ರಿ ಧಣೀ? ಒಲಿಗೆ? ಮತ್ತೊಂದ್ಸಲ ಬಡೀರಿ, ಸಪ್ಪಳ ಕೇಳ್ರಿ. ಹುಳ ಹತ್ತಿದ್ರ ಬೊಕ್ಕ ಬೊಕ್ಕ ಅಂತೈತಿ, ಇದು ಕಂಚಿನಂಗ ಐತಿ! ಅಸಲ್ ಸಾಗವಾನಿ, ಕದದ ಒಂದೊಂದು ಪಡಕಿಗೂ ಒಂದೇ ಹಲಗಿ. ಒಂದ್ ಕಬ್ಬಿಣದ ಮೊಳಿ ತೋರಸ್ರಿ ನೋಡೂಣು, ಎಲ್ಲಾ ಕಟ್ಟಿಗಿ ಗೂಟನ. ಈ ಹೂ ನೋಡ್ರಿ, ಹದಿನಾರು ಅದಾವ, ಒಂದರಂಗ ಒಂದಿಲ್ಲ. ಅಗಳಿ ನೋಡ್ರಿ, ಗ್ವಾಡಿ ಒಳಗಿಂದ ಹ್ಯಾಂಗ ಜಾರಿ ಬರತೈತಿ! ಇಂಥಾ ಬಾಗಿಲು ಮೂರ್ ತಾಲೂಕಿನ್ಯಾಗ ಇನ್ನೊಂದಿಲ್ಲ!"

ಬಾಗಿಲನ್ನು ತೆಗೆದೆ, ಹಾಕಿದೆ, ಹೂಗಳನ್ನು ಪಂಚೆಯ ಚುಂಗಿನಿಂದ ಒರೆಸಿದೆ. ಜನ ಮೊಬೈಲು ತೆಗೆದರು. ಸತ್ಯಂ ಬಗ್ಗಿ ಒಂದೊಂದು ಹೂವಿನ ಮೇಲೂ ಬೆರಳಾಡಿಸಿ, ಎದ್ದು ನಿಂತು, "ಟೀಚರಮ್ಮಾ, ಮೆಷೀನಿಗೆ ಆರ್ಡರ್ ಹಾಕಿಬಿಡಿ" ಅಂದರು. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಬಸಮ್ಮಕ್ಕ ಹತ್ತಿರ ಬಂದು ತಾನೂ ಬಾಗಿಲನ್ನು ಒಮ್ಮೆ ಬಡಿದು ಸಪ್ಪಳ ಕೇಳಿದಳು. ನನಗೆ ಭಯವಾದದ್ದು ಅದಕ್ಕೇ.

ಜನ ಹಗೇವು ನೋಡಲು ಒಳಗೆ ಹೋದಾಗ ಆಕೆ ನನ್ನನ್ನು ಕಟ್ಟೆಗೆ ಕರೆದಳು.

"ತಮ್ಮಾ, ಹುಳ ಎಲ್ಲಿ ಹೋದುವು?"

"ಅಕ್ಕಾ, ಅದು... ನಿನ್ನ ಬಾಗಿಲಿಗೆ ಎರಡು ಪಟ್ಟು ಕೊಡ್ತೀನಿ."

"ನಿನ್ನಿ ತನ ಒಂದು ಪಟ್ಟನ ಹೆಚ್ಚಾತು ಅಂತಿದ್ದಿ."

"ಮೂರು ಪಟ್ಟು, ಅಕ್ಕಾ."

"ಮೂರು ಅಂದ್ರ, ಉಳದ ಎರಡು ಪಾಲು ಎಲ್ಲಿ ಮುಚ್ಚಿಟ್ಟಿದ್ದಿಪಾ ಇಷ್ಟ್ ದಿನ?"

ನಾನು ಬೆವರಿದೆ. ಬೆವರಿದವನು ಇನ್ನಷ್ಟು ಏರಿಸುತ್ತಾನೆ. ಇದೂ ಒಂದು ಪಾಠ, ಬರೆದಿಟ್ಟುಕೊಳ್ಳಿ.

"ನಾಕು!"

ಬಸಮ್ಮಕ್ಕ ಒಳಗೆ ಮುಖ ಮಾಡಿ ಕೂಗಿದಳು: "ಏ ಶಿವಲೀಲಾ, ಬಾ ಇಲ್ಲೆ! ಪಾರವ್ವಾ, ನೀನೂ ಬಾ! ತಮ್ಮಾ, ಇನ್ನೊಂದ್ಸಲ ಏರಸು, ಸೊಸಿನೂ ಕೇಳಲಿ."

ಸೊಸೆ ಬಂದಳು. ಎದುರು ಮನೆಯ ಪಾರವ್ವ ಬಂದಳು, ಆಕೆಯ ಹಿಂದೆ ಓಣಿಯೇ ಬಂತು. ನಾನು ಐದು ಅಂದೆ. ಎಲ್ಲರೂ ನಕ್ಕರು. ಆಗ ನನಗೆ ಹೊಳೆಯಿತು, ಈಕೆ ಬಾಗಿಲು ಮಾರುತ್ತಿಲ್ಲ.

"ಅಕ್ಕಾ, ಕೊಡೂದಿಲ್ಲ ಅಂದಮ್ಯಾಲೆ ಯಾಕ ಏರಸಾಕ ಹಚ್ಚಿದಿ?"

"ಇರಲಿ ಬಿಡೋ. ಟಿಕೀಟು ತಗೊಂಡವರು ಬಾಗಿಲಾ ನೋಡಿದ್ರು. ಓಣ್ಯಾಗಿನ ಮಂದಿ ಪುಕ್ಕಟ ನಿನ್ನ ನೋಡ್ಲಿ."

ಶಿವಲೀಲಾ, ರಟ್ಟೆ ನೋವಿನ ಸುದ್ದಿಯನ್ನೇ ಮರೆತವಳು, ಆ ಬಾಗಿಲನ್ನು ಒಂದೇ ಕೈಯಲ್ಲಿ ತಳ್ಳಿಕೊಂಡು ಒಳಗೆ ಹೋಗಿ ನನಗೆ ಚಹಾ ತಂದುಕೊಟ್ಟಳು. ಸಕ್ಕರೆ ಕಡಿಮೆ ಇತ್ತು. ನಾನು ಹೇಳಲಿಲ್ಲ. ಆ ಓಣಿಯಲ್ಲಿ ಇನ್ನು ಮುಂದೆ ನಾನು ಯಾವುದರ ಕೊರತೆ ಎತ್ತಿ ಆಡಿದರೂ ಅದರ ಬೆಲೆ ಏರುತ್ತದೆ.