ಅಂಟದ ಕಣ್ಣು

ಬೆಳಿಗ್ಗೆ ಎದ್ದಾಗ ಚಿಲ್ಲರೆಸ್ವಾಮಿಯ ಎಡಗಣ್ಣು ಕೆಂಡದಂತಾಗಿತ್ತು. ಕಿಟಕಿಯ ಬೆಳಕು ಬಿದ್ದರೆ ಸಾಕು, ಒಳಗಿನಿಂದ ಯಾರೋ ಗುದ್ದಿದಂಥ ನೋವು. ಹೆಂಡತಿ ಇಣುಕಿ ನೋಡಿದವಳೇ, "ಅಯ್ಯಯ್ಯೋ, ಕಣ್ಣು ಬಂದಿದೆ! ಟವೆಲ್ ಮುಟ್ಟಬೇಡಿ, ಲೋಟ ಮುಟ್ಟಬೇಡಿ, ನನ್ನನ್ನಂತೂ ನೋಡಲೇಬೇಡಿ!" ಎಂದು ಬಾಗಿಲಾಚೆ ಓಡಿದಳು.

ಚಿಲ್ಲರೆಸ್ವಾಮಿ ಅನ್ನುವುದು ಅಪ್ಪ ಇಟ್ಟ ಹೆಸರಲ್ಲ. ವಿದ್ಯುತ್ ಕಚೇರಿಯ ಬಿಲ್ ಕೌಂಟರಿನಲ್ಲಿ ಕೂತು ಬಂದವರನ್ನೆಲ್ಲ "ಚಿಲ್ಲರೆ ಕೊಡಿ ಸ್ವಾಮಿ" ಎಂದು ಗೋಗರೆಯುತ್ತಿದ್ದುದಕ್ಕೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಅಂದು ಬಿಲ್ ಕಟ್ಟಲು ಕೊನೆಯ ದಿನ. ರಜೆ ಎಂದರೆ ಮ್ಯಾನೇಜರ್ ಹುರಿದು ಮುಕ್ಕುತ್ತಾರೆಂದು ಹೆದರಿ, ಕಣ್ಣಿಗೆ ಕರವಸ್ತ್ರ ಒತ್ತಿಕೊಂಡೇ ಹೊರಟ.

ಕಚೇರಿಯಲ್ಲಿ ಹುಯಿಲೆದ್ದಿತು.

"ಹತ್ರ ಬರಬೇಡ ಮಾರಾಯ! ನಾನು ಮಕ್ಕಳೊಂದಿಗ," ಎಂದ ಕ್ಯಾಷಿಯರ್.

"ನಮಗೆಲ್ಲ ಅಂಟಿಸೋಕೇ ಬಂದಿದೀಯಾ?" ಎನ್ನುತ್ತ ಟೈಪಿಸ್ಟ್ ಅಕ್ಕ ಅವನ ಪೆನ್ನನ್ನು ಕಾಗದದಲ್ಲಿ ಹಿಡಿದು, ಸತ್ತ ಇಲಿಯಂತೆ ಕಸದ ಬುಟ್ಟಿಗೆ ಹಾಕಿದಳು.

ಚಿಲ್ಲರೆಸ್ವಾಮಿಗೆ ಅಳುವೇ ಬಂತು. ನೋವಿಗಿಂತ ಅವಮಾನ ಹೆಚ್ಚಾಗಿತ್ತು. ಮ್ಯಾನೇಜರ್ ಗಾಜಿನ ಆಚೆಯಿಂದಲೇ, "ಮೊದಲು ಕಣ್ಣಿನ ಡಾಕ್ಟರ ಹತ್ರ ತೊಲಗು!" ಎಂದು ಗದರಿದರು.

ಪಕ್ಕದ ಬೀದಿಯ ಡಾಕ್ಟರಮ್ಮ, "ಗೀಜು ಬರತ್ತಾ?" ಎಂದು ಕೇಳಿದರು. ಇಲ್ಲವೆಂದ. ಒಳ್ಳೆಯ ಕಣ್ಣಿಗೆ ಟಾರ್ಚ್ ಬಿಟ್ಟರು. ಕೆಟ್ಟ ಕಣ್ಣು ಚುರ್ರೆಂದಿತು.

"ಅಮ್ಮಾ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ!"

"ಅದೇ ಗುರುತು," ಎಂದು ಯಂತ್ರದ ಮೇಲೆ ಗದ್ದ ಇಡಿಸಿ ನೋಡಿದರು. "ಇದು ಕಣ್ಣು ಬಂದಿರೋದಲ್ಲ. ಕಣ್ಣಿನ ಒಳಗೇ, ಮುಂಭಾಗದಲ್ಲಿ ಉರಿಯೂತ. ಅಸಡ್ಡೆ ಮಾಡಿದ್ರೆ ಪಾಪೆ ಹಿಂದಿರೋ ಲೆನ್ಸಿಗೆ ಕಚ್ಕೊಂಡು ದೃಷ್ಟಿಗೇ ಕುತ್ತು. ಈ ಹನಿ ಗಂಟೆಗೊಂದು ಸಲ ಹಾಕ್ಕೊಳ್ಳಿ, ನೀವಾಗೇ ನಿಲ್ಲಿಸಬೇಡಿ. ಇನ್ನೊಂದು ಹನಿ ಇರೋದು ಪಾಪೆ ಅಗಲ ಮಾಡೋಕೆ. ಅದರಿಂದ ಬೆಳಕು ಇನ್ನೂ ಚುಚ್ಚತ್ತೆ, ಹತ್ತಿರದ್ದು ಮಸುಕಾಗತ್ತೆ. ಮನೇಲಿ ಕತ್ತಲೆ ಮಾಡ್ಕೊಂಡು ಮಲಗಿ."

ಚಿಲ್ಲರೆಸ್ವಾಮಿಗೆ ಬೇಕಾಗಿದ್ದದ್ದು ಒಂದೇ ಉತ್ತರ. "ಬೇರೆಯವರಿಗೆ ಅಂಟತ್ತಾ?"

"ಯಾರಿಗೂ ಅಂಟಲ್ಲ."

"ಹಾಗಾದ್ರೆ ನಮ್ಮ ಮ್ಯಾನೇಜರಿಗೆ ನೀವೇ ಫೋನ್ ಮಾಡಿ ಹೇಳಿಬಿಡಿ ತಾಯಿ! ನನ್ನ ಮರ್ಯಾದೆ ಪ್ರಶ್ನೆ!"

ಡಾಕ್ಟರಮ್ಮ ನಗುತ್ತ ಫೋನ್ ಮಾಡಿದರು. ಎರಡೂ ಹನಿ ಹಾಕಿ ಕಳಿಸಿದರು. ನೆಟ್ಟಗೆ ಮನೆಗೆ ಹೋಗಬೇಕಿತ್ತು ಮಹಾಶಯ! ಆದರೆ ಕ್ಯಾಷಿಯರನ ಪೆಚ್ಚು ಮುಖ ನೋಡದೆ ಮಲಗಿದರೆ ನಿದ್ದೆ ಬರುವುದುಂಟೆ? ಕಚೇರಿಗೇ ದೌಡಾಯಿಸಿದ.

ಹೊರಗೆ ಹನುಮಂತನ ಬಾಲದಂಥ ಸಾಲು. ಒಳಗೆ ನರಪಿಳ್ಳೆಯಿಲ್ಲ. ಕೈ ತೊಳೆಯುವಲ್ಲಿ ಬೆಳಿಗ್ಗೆ ಇಟ್ಟ ಹೊಸ ಸೋಪು ಸವೆದು ಉಗುರಿನಷ್ಟಾಗಿತ್ತು.

ಮ್ಯಾನೇಜರ್ ಕಪ್ಪು ಕನ್ನಡಕ ಹಾಕಿಕೊಂಡು ಹೊರಬಂದರು. "ಎಲ್ಲರಿಗೂ ಕಣ್ಣು ಬಂತಪ್ಪ. ಮನೆಗೆ ಕಳಿಸಿದೆ. ಈಗ ನನಗೂ ಬಂತು."

"ಸರ್, ನನ್ನದು ಅಂಟಲ್ಲ! ಡಾಕ್ಟರಮ್ಮ ಫೋನ್..."

"ಮಾಡಿದ್ರು, ಮಾಡಿದ್ರು. ಅದಕ್ಕೇ ಹೇಳ್ತಿರೋದು. ನಿನ್ನದು ಅಂಟದ ಕಣ್ಣು, ಜನರ ಮುಂದೆ ಕೂರಬಹುದು. ನಮ್ಮದು ಅಂಟೋ ಕಣ್ಣು, ಕೂರೋ ಹಾಗಿಲ್ಲ." ಕನ್ನಡಕದ ಕೆಳಗಿನಿಂದ ಅವರ ಕೆನ್ನೆಗೆ ಇಳಿದಿದ್ದ ಸೋಪಿನ ನೊರೆ ಇನ್ನೂ ಆರಿರಲಿಲ್ಲ. "ಎಲ್ಲಾ ಕೌಂಟರೂ ನೀನೇ ನೋಡ್ಕೋ. ಹೋಗುವಾಗ ಬೀಗ ಹಾಕು."

"ಸರ್, ನಾನು ಕತ್ತಲಲ್ಲಿರಬೇಕಂತೆ..."

ಸರ್ ಆಗಲೇ ಮೆಟ್ಟಿಲಿಳಿದಿದ್ದರು.

ಚಿಲ್ಲರೆಸ್ವಾಮಿ ಹನಿಯ ಸೀಸೆ ಮುಂದಿಟ್ಟುಕೊಂಡು ಕೂತ. ಅಂಕಿಗಳೆಲ್ಲ ಕಲಸಿಹೋಗಿ ಕಂಡವು. ನೋವು ತಡೆಯಲಾರದೆ ಎದ್ದು ಟ್ಯೂಬ್‌ಲೈಟ್ ಆರಿಸಿದ.

ಸಾಲಿಡೀ ಬೊಬ್ಬೆಯಿಟ್ಟಿತು: "ಏನ್ರೀ, ಕರೆಂಟ್ ಬಿಲ್ ಕಟ್ಟೋಕೆ ಬಂದೋರನ್ನೇ ಕತ್ತಲಲ್ಲಿ ನಿಲ್ಲಿಸ್ತೀರಾ? ಲೈಟ್ ಹಾಕ್ರೀ!"