ಶಿವಯೋಗಿಯ ನರಿದಿಗ್ವಿಜಯ

ಎಲೈ ಸಹೃದಯರೇ, ಕೇಳಿರಿ! ವನ್ಯಮೃಗಗಳ ಕೊರಳಿಗೆ ಯಂತ್ರ ಕಟ್ಟಿ, ಅವು ಎಲ್ಲಿ ತಿಂದವು, ಎಲ್ಲಿ ಮಲಗಿದವು ಎಂದು ಮನುಷ್ಯರು ಉಪಗ್ರಹಗಳನ್ನು ಕೇಳುತ್ತಿದ್ದ ಆ ಮಹಾಯುಗದಲ್ಲಿ, ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಸಂಖ್ಯಾಸಾಗರಮಥನಮಂದರನೂ ಮಿರ್ಚಿಭಕ್ಷಣಧುರಂಧರನೂ ಆರು ವರ್ಷಗಳಿಂದ ಮುಗಿಯದ ಪಿಎಚ್.ಡಿ.ಯ ಏಕಚ್ಛತ್ರಾಧಿಪತಿಯೂ ಆದ ಶಿವಯೋಗಿ ಹಂಚಿನಮನಿ ಎಂಬ ವೀರನಿದ್ದನು. ಅವನ ಕಥೆ ಹೇಳುವ ನಾಲಗೆಗೆ, ಹೇ ಗಣಿತಾಧಿದೇವತೆಯೇ, ಬಲ ಕೊಡು. ನಡುವೆ ನಗು ಬಂದರೆ ತಡೆದುಕೊಳ್ಳುವ ಶಕ್ತಿಯನ್ನೂ ಕೊಡು.

ಆ ವೀರನು ಕುರುಚಲು ಕಾಡಿನ ನರಿಯೊಂದಕ್ಕೆ ಕಾಲರ್ ತೊಡಿಸಿ, ಅದರ ಓಡಾಟವನ್ನು ವಿವರಿಸಬಲ್ಲ ಗಣಿತದ ಮಾಡೆಲ್ ಕಟ್ಟಿದ್ದನು. ಹಸಿದಾಗ ನರಿ ಎತ್ತ ಹೋದೀತು, ಉಂಡ ಮೇಲೆ ಎಲ್ಲಿ ಉರುಳೀತು ಎಂಬುದನ್ನೆಲ್ಲ ಕುರ್ಚಿಯಲ್ಲಿ ಕೂತೇ ಯೋಚಿಸಿ ಸೂತ್ರವಾಗಿಸಿದ್ದನು. ಮಾಡೆಲ್ ಸಾವಿರ ಹುಸಿಹಾದಿಗಳನ್ನು ಗೀಚುವುದು. ನಿಜದ ಹಾದಿ ಆ ಗೀಚುಗಳ ನಡುವೆ ಬಿದ್ದರೆ ಜಯ, ಆಚೆ ಬಿದ್ದರೆ ಸೋಲು. ಹಾಳು ನರಿ ಪ್ರತಿಸಲವೂ ಆಚೆಯೇ ಬಿದ್ದಿತು.

“ಮಾಡೆಲ್ ತಾಳೆ ಆಗಲಿಲ್ಲಂದ್ರ ನಾ ಸಹಿ ಮಾಡಂಗಿಲ್ಲ ನೋಡಪಾ,” ಎಂದು ಗೈಡ್ ಹುಯಿಲಗೋಳ ಸರ್ ಖಡಾಖಂಡಿತವಾಗಿ ಹೇಳಿದ್ದರು. ಸಹಿಯಿಲ್ಲದಿದ್ದರೆ ಆರು ವರ್ಷವೂ ಮಣ್ಣುಪಾಲು. ವೀರನಾದರೇನು, ಶಿವಯೋಗಿಗೆ ನಿಜಕ್ಕೂ ಭಯವಾಗಿತ್ತು.

ಅಷ್ಟರಲ್ಲಿ ಕಾಲರ್ ತಾನಾಗಿ ಕಳಚಿ ಬೀಳುವ ದಿನ ಬಂತು. ಜಾಲಿಮುಳ್ಳಿನ ಚಕ್ರವ್ಯೂಹವನ್ನು ಭೇದಿಸಿ, ಒಂದು ಚಪ್ಪಲಿಯನ್ನು ರಣಭೂಮಿಗೆ ಅರ್ಪಿಸಿ, ವೀರನು ಅದನ್ನೆತ್ತಿ ಬಗಲಚೀಲಕ್ಕೆ ಹಾಕಿಕೊಂಡು ಬಂದನು. ತಿಂಗಳೊಪ್ಪತ್ತು ಕಳೆದು, ಕಾಲರ್ ಕಳಿಸಿದ ಕೊನೆಕೊನೆಯ ಹಾದಿಯನ್ನು ಮಾಡೆಲ್ಲಿಗೆ ಒಡ್ಡಿದರೆ, ಆಹಾ! ಒಂದೇ ಒಂದು ಬುಧವಾರ ಬಿಟ್ಟು ಉಳಿದದ್ದೆಲ್ಲ ಕರಾರುವಾಕ್ಕಾಗಿ ತಾಳೆಯಾಯಿತು.

ಶಿವಯೋಗಿ ಕುರ್ಚಿಯೇರಿ, ಊರ ದೊಡ್ಡಾಟದಲ್ಲಿ ಪಳಗಿದ ಕಂಠದಿಂದ ಗರ್ಜಿಸಿದನು: “ಎಲವೋ ಜಂಬುಕಾಧಮ! ನಿನ್ನ ಹಸಿವನ್ನು ಬಲ್ಲೆ, ನಿನ್ನ ನಿದ್ರೆಯನ್ನು ಬಲ್ಲೆ, ನಿನ್ನ ಅಂತರಂಗದ ಸಂದುಗೊಂದುಗಳನ್ನೆಲ್ಲ ಬಲ್ಲೆ! ಇನ್ನೆಲ್ಲಿ ಓಡುವೆ?”

ಪಕ್ಕದ ಮೇಜಿನಲ್ಲಿ ಬಾವಲಿಗಳ ಮೇಲೆ ಸಂಶೋಧನೆ ನಡೆಸುತ್ತಿದ್ದ, ಸಂದೇಹಖಡ್ಗಧಾರಿಣಿ ಮಹಾನಂದಾ ಯಲಿಗಾರ, ಆ ಹಾದಿಯನ್ನು ಊರಿನ ನಕ್ಷೆಯ ಮೇಲೆ ಹಾಸಿ ನೋಡಿದಳು.

“ಶಿವಯೋಗಿ, ನಿನ್ನ ನರಿ ದಿನಾ ಲೈಬ್ರರಿಗೆ ಯಾಕ ಹೋಗತೈತಿ?”

“ಇಲಿ ಹಿಡ್ಯಾಕ.”

“ಸಂಜಿಗೆ ಈರಣ್ಣನ ಮಿರ್ಚಿಭಜಿ ಅಂಗಡಿ ಮುಂದ ನಿಂದರತೈತಿ.”

“ಬಿದ್ದದ್ದು ತಿನ್ನಾಕ ಬರತೈತಿ. ನರೀನ ಬುದ್ಧಿ ನಿನಗೇನ್ ಗೊತ್ತು?”

“ಅದಿರ್ಲಿ. ಆ ಬುಧವಾರ ಬಸ್ಸಿನ ಹಾದಿ ಹಿಡದು ಗದಗಕ್ಕ ಹೋಗಿ ಬಂದೈತಲ್ಲೋ?”

ವೀರನ ಮುಖ ಸಪ್ಪಗಾಯಿತು. ಆ ಬುಧವಾರ ಗದಗಿನಲ್ಲಿ ಅವನ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥವಿತ್ತು. ಬಗಲಚೀಲ ತೆರೆದರೆ, ಅರ್ಧ ತಿಂದ ಬನ್ನಿನ ಕೆಳಗೆ ಕಾಲರಿನ ಹಸಿರು ದೀಪ ಮಿಣುಕುತ್ತಿತ್ತು.

“ಬಂದ್ ಮಾಡಿದ್ದಿಲ್ಲೇನು?” ಎಂದಳು ಮಹಾನಂದಾ.

“ಮರತೆ,” ಎಂದನು ಸಂಖ್ಯಾಸಾಗರಮಥನಮಂದರ.

ಸುದ್ದಿ ಕೇಳಿ ಬಂದ ಹುಯಿಲಗೋಳ ಸರ್ ಪರದೆಯ ಮೇಲಿನ ಹಾದಿಯ ಗುಂಟ ಬೆರಳಾಡಿಸಿದರು. “ಮಾಡೆಲ್ ಚಲೋ ಐತಿ. ಪ್ರಾಣಿ ಅಷ್ಟ ತಪ್ಪೈತಿ. ನರಿ ಅಂದ್ಕೊಂಡು ನಿನ್ನನ್ನ ನೀನ ಬರದೀಯಲ್ಲೋ! ಹೋಗು, ಮತ್ತ ಮೊದಲಿಂದ ಶುರು ಮಾಡು.”

ಶಿವಯೋಗಿಗೆ ಅಳು ಬಂತು. ಆರು ವರ್ಷ ಹೋದದ್ದು ಒಂದು ನೋವು. ಕಾಡಿನ ನರಿ ಹಿಡಿತಕ್ಕೆ ಸಿಗದೆ ತಾನು ಮಾತ್ರ ಸಲೀಸಾಗಿ ಸಿಕ್ಕಿಬಿದ್ದದ್ದು ಅದಕ್ಕಿಂತ ದೊಡ್ಡ ನೋವು. ಪರದೆಯ ಮೇಲೆ ಮಾಡೆಲ್ ಆಗಲೇ ಅವನ ಸಂಜೆಯನ್ನು ಈರಣ್ಣನ ಅಂಗಡಿಯತ್ತ ಗೀಚಿಟ್ಟಿತ್ತು. “ಇಂದು ಸೂರ್ಯಚಂದ್ರರು ಅದಲುಬದಲಾದರೂ ಅಲ್ಲಿಗೆ ಹೋಗೆನು!” ಎಂದು ಭೀಷಣ ಪ್ರತಿಜ್ಞೆಗೈದು, ಚೀಲವನ್ನು ಹೆಗಲಿಗೇರಿಸಿ, ತದ್ವಿರುದ್ಧ ದಿಕ್ಕಿಗೆ ದಾಪುಗಾಲಿಟ್ಟನು.

ನೀರಿನ ಟಾಕಿಯವರೆಗೂ ವೀರನ ಕಾಲು ತಪ್ಪಲಿಲ್ಲ. ಅಲ್ಲಿ ಗಾಳಿ ತಿರುಗಿತು. ಮಿರ್ಚಿ ಕರಿದ ಎಣ್ಣೆಯ ವಾಸನೆ ಬಂತು. ಹಾಸ್ಟೆಲ್ಲಿನ ಹಿಂದಿನ ಗಲ್ಲಿಯಲ್ಲಿ ಸುತ್ತು ಬಳಸಿ ಹೋದರೆ ಅದು ಹೋದಂತೆಯೇ ಅಲ್ಲ ಎಂದು ಅವನಿಗೆ ತೋರಿತು.

“ಯಾಕ್ರೀ ಸರ, ಇವತ್ತ ಹಿಂದಿನ ಹಾದೀಲೆ ಬಂದ್ರಿ?” ಎನ್ನುತ್ತ ಈರಣ್ಣ, ಕೇಳದೆಯೇ ಪ್ಲೇಟು ಮುಂದಿಟ್ಟನು. ಅಷ್ಟರಲ್ಲಿ ಫೋನು ರಿಂಗಾಯಿತು.

“ಕಾಲರ್ ಇನ್ನೂ ಬಂದ್ ಮಾಡಿಲ್ಲ ನೀ,” ಎಂದಳು ಮಹಾನಂದಾ. “ಆ ಸುತ್ತುಹಾದೀನೂ ಗೀಚಿನೊಳಗ ಬಿತ್ತು. ಬರೂ ಮುಂದ ನನಗೂ ಎರಡು ಮಿರ್ಚಿ ಕಟ್ಟಿಸ್ಕೊಂಡ್ ಬಾ.”